ಬೆನ್ನು ಮುಂದಾಗಿ ಕಡಲಿಗೆ

ನಮ್ಮ ಊರಿನಲ್ಲಿ ತಮ್ಮ ಮನೆಯ ಕಡೆ ಮುಖ ಮಾಡಿದವರನ್ನು ಯಾರೂ ತಡೆಯುವ ಹಾಗಿಲ್ಲ. ಪೊಲೀಸರು ತಡೆಯುವ ಹಾಗಿಲ್ಲ, ಮೇಷ್ಟ್ರು ತಡೆಯುವ ಹಾಗಿಲ್ಲ, ಕಟ್ಟಿಕೊಂಡ ಹೆಂಡತಿಯೂ ತಡೆಯುವ ಹಾಗಿಲ್ಲ. ಇದಕ್ಕೆ ನಾವು ಮನೆಮುಖ ಎನ್ನುತ್ತೇವೆ. ಮದುವೆ ಊಟದಲ್ಲಿ ಹೋಳಿಗೆ ಬಡಿಸುವವನು ಎದುರು ಬಂದು ನಿಂತರೆ ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿಯುವ ಕಷ್ಟ ನಮಗಿಲ್ಲ. ಕುಳಿತಲ್ಲಿಂದಲೇ ಮನೆಯ ದಿಕ್ಕಿಗೆ ತಿರುಗಿದರೆ ಸಾಕು, ಅವನು ಮುಂದಿನ ಎಲೆಗೆ ಹೋಗುತ್ತಾನೆ. ಸಭೆಯಲ್ಲಿ ಭಾಷಣ ಉದ್ದವಾದರೆ ಕುರ್ಚಿಗಳು ಒಂದೊಂದಾಗಿ ಕಿರ್ರೆಂದು ತಿರುಗತೊಡಗುತ್ತವೆ, ಭಾಷಣ ಮಾಡುವವರಿಗೆ ಅರ್ಥವಾಗುತ್ತದೆ. ಶಾಲೆಯನ್ನು ಊರಿನ ಮೂಡಣ ತುದಿಯಲ್ಲಿ ಕಟ್ಟಿ, ಬೆಂಚುಗಳನ್ನೂ ಮೂಡಣಕ್ಕೇ ತಿರುಗಿಸಿ ಇಟ್ಟಿದ್ದಾರೆ. ಮನೆಗಳೆಲ್ಲ ಮಕ್ಕಳ ಬೆನ್ನಿಗೆ ಬರುವುದರಿಂದ ಪಾಠದ ನಡುವೆ ಎದ್ದು ಹೋಗುವ ಧೈರ್ಯ ಯಾರಿಗೂ ಬರುವುದಿಲ್ಲ. ಹೊರಗಿನಿಂದ ಬಂದವರಿಗೆ ಇದೆಲ್ಲ ವಿಚಿತ್ರ ಅನಿಸುತ್ತದೆ. ಮನೆಗೆ ಹೊರಟವನನ್ನೂ ಕೈಹಿಡಿದು ನಿಲ್ಲಿಸುವ ಅವರ ಊರುಗಳು ನಮಗೆ ವಿಚಿತ್ರ.

ನಾನು ವಾರಿಜ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತು, ಕುಳಿತಲ್ಲಿಂದಲೇ ನಿವೃತ್ತಳಾದವಳು. ನನ್ನ ಗಂಡ ದೇಜಪ್ಪ ಸರಕು ಹಡಗಿನಲ್ಲಿ ಅಡುಗೆಯವರು. ಹತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಮೂವತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರು ಒಟ್ಟಿಗೆ ಇದ್ದದ್ದು ಐದೇ ವರ್ಷ, ಅದಕ್ಕೇ ಇನ್ನೂ ಸರಿಯಾಗಿ ಜಗಳವಾಗಿಲ್ಲ ಎಂದು ಇವರ ಅಕ್ಕ ಹೇಳುವುದುಂಟು. ಕಡಲು ನಮ್ಮ ಮನೆಯಿಂದ ಎರಡು ಫರ್ಲಾಂಗು ಅಷ್ಟೆ, ನೆಟ್ಟಗಿನ ರಸ್ತೆ. ಆದರೂ ನೆಂಟರಿಗೆ ತೋರಿಸಲು ಕರೆದುಕೊಂಡು ಹೋದದ್ದು ಬಿಟ್ಟರೆ ನಾನಾಗಿ ಅಲ್ಲಿಗೆ ಹೋದದ್ದಿಲ್ಲ. ಗಂಡನನ್ನು ವರ್ಷಕ್ಕೆ ಹತ್ತು ತಿಂಗಳು ಇಟ್ಟುಕೊಳ್ಳುವ ಮನೆಗೆ ಯಾರು ತಾನೇ ಇಷ್ಟಪಟ್ಟು ಹೋಗುತ್ತಾರೆ?

ಕಾಯಿಲೆಯ ವರ್ಷ ಬಂತು. ಊರಿಗೆ ಬೀಗ ಬಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಇವರ ಅಕ್ಕ, ಸುಗಂಧಿ ಅತ್ತಿಗೆ, ಕಣ್ಣಿನ ಆಪರೇಷನ್ನಿಗೆಂದು ಹೊಳೆಯಾಚೆಯ ತಮ್ಮ ಊರಿನಿಂದ ನಮ್ಮಲ್ಲಿಗೆ ಬಂದಿದ್ದರು. ಎಂಟು ದಿನ ಇದ್ದು ಹೋಗುವುದು ಎಂದು ಮಾತಾಗಿತ್ತು. ಆಪರೇಷನ್ ಏನೋ ಆಯಿತು, ಬಸ್ಸು ನಿಂತುಹೋಯಿತು. ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕುಳಿತರು. ಮೂವತ್ತು ವರ್ಷದಿಂದ ನನ್ನ ಸಾರಿಗೆ ಉಪ್ಪು ಹೆಚ್ಚು ಎನ್ನುತ್ತ ಬಂದವರು, ಈಗ ದಿನಕ್ಕೆ ಎರಡು ಸಲ ಹೇಳುವ ಅನುಕೂಲವಾಯಿತು.

ಏಪ್ರಿಲ್ ಶುರುವಿನಲ್ಲಿ ಇವರ ಹಡಗಿನಲ್ಲಿ ಇಬ್ಬರಿಗೆ ಜ್ವರ ಬಂತು. ಅಲ್ಲಿಂದ ಮುಂದೆ ಯಾವ ಬಂದರಿನವರೂ ಆ ಹಡಗನ್ನು ಒಳಗೆ ಬಿಡಲಿಲ್ಲ. ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಇವರು ಕಾಯಿಲೆಯ ವಿಷಯ ತೆಗೆಯುತ್ತಿರಲಿಲ್ಲ, ಆ ದಿನ ಏನು ಬೇಯಿಸಿದೆ ಎಂದು ಮಾತ್ರ ಹೇಳುತ್ತಿದ್ದರು. ಮೊದಲ ವಾರ ಕೋಳಿ, ಎರಡನೆಯ ವಾರ ಮೊಟ್ಟೆ, ಮೂರನೆಯ ವಾರ ಕುಂಬಳಕಾಯಿ. ಆಮೇಲೆ ಎಲ್ಲ ವಾರವೂ ಕುಂಬಳಕಾಯಿಯೇ. ನನಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತಿತ್ತು. ಅಡುಗೆಮನೆಯ ಪಡುವಣ ಕಿಟಕಿಯಿಂದ ತೆಂಗಿನ ಮರಗಳ ಸಂದಿಯಲ್ಲಿ ಕಡಲು ಒಂದು ಚೂರು ಕಾಣುತ್ತದೆ. ಆ ಕಿಟಕಿ ಮುಚ್ಚಿಬಿಟ್ಟೆ.

ಕಿಟಕಿಯ ನಂತರ ನಾನೂ ಮುಚ್ಚಿಕೊಂಡೆ ಅನ್ನಬೇಕು. ಎದ್ದರೆ ತಲೆ ತಿರುಗುವುದು, ಮಲಗಿದರೆ ಎದೆ ಹೊಡೆದುಕೊಳ್ಳುವುದು. ದಿನಕ್ಕೆ ಹತ್ತು ಸಲ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸುತ್ತಿದ್ದೆ. ಥರ್ಮಾಮೀಟರ್ ನಾಲಿಗೆಯ ಕೆಳಗಿಂದ ತೆಗೆಯುತ್ತಿರಲಿಲ್ಲ, ಅದನ್ನು ಇಟ್ಟುಕೊಂಡೇ ಅತ್ತಿಗೆಯ ಮಾತಿಗೆ ಹೂಂ ಎನ್ನುತ್ತಿದ್ದೆ. ಡಾಕ್ಟರಿಗೆ ಫೋನು ಮಾಡಿ ಮನೆಯ ಮೆಷಿನ್ನಿನ ಬಿಪಿ ಓದಿ ಹೇಳಿದರೆ ನಿಮಗೆ ಜ್ವರವಿಲ್ಲ, ಬಿಪಿ ಸ್ವಲ್ಪ ಹೆಚ್ಚಿದೆ, ಬೆಳಿಗ್ಗೆ ಹೊತ್ತು ನಡೆಯಿರಿ, ಗಾಳಿ ತೆಗೆದುಕೊಳ್ಳಿ ಎಂದರು. ಎಲ್ಲಿ ನಡೆಯುವುದು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮನೆಯೊಳಗೇ, ಎಂದು ಫೋನಿಟ್ಟರು. ಅತ್ತಿಗೆ ಮಾತ್ರ ಕಪ್ಪು ಕನ್ನಡಕದಲ್ಲೇ ಬಾವಿಯ ಸುತ್ತ ದಿನಾ ನೂರು ಸುತ್ತು ಹಾಕುತ್ತಿದ್ದರು. ಬಾವಿಗೇ ತಲೆ ತಿರುಗಿರಬೇಕು.

ಅತ್ತಿಗೆ ಕಣ್ಣಿಗೆ ತ್ರಾಸ ಕೊಡಬಾರದು ಎಂದು ಅಪ್ಪಣೆಯಾಗಿದ್ದರಿಂದ ಓದಿ ಹೇಳುವ ಕೆಲಸ ನನ್ನದು. ಪೇಪರು ಬರುವುದು ನಿಂತ ಮೇಲೆ ಹಳೆಯ ಪೇಪರು ಓದಿದೆ, ಕ್ಯಾಲೆಂಡರಿನ ಹಿಂಬದಿ ಓದಿದೆ, ಕಣ್ಣಿನ ಔಷಧಿಯ ಡಬ್ಬಿಯೊಳಗಿನ ಚೀಟಿ ಓದಿದೆ. ಒಂದು ಬೆಳಿಗ್ಗೆ ಮನೆಯಲ್ಲಿ ಓದಲು ಏನೂ ಉಳಿದಿರಲಿಲ್ಲ. ಗೇಟಿಗೆ ಅಂಟಿಸಿ ಹೋಗಿದ್ದರಲ್ಲ, ಆ ಆರ್ಡರನ್ನೇ ಓದು ಎಂದರು ಅತ್ತಿಗೆ. ಓದಿದೆ. ಮನೆಯಿಂದ ಹೊರಗೆ ಹೋಗುವವರನ್ನು ತಡೆದು ವಾಪಸು ಕಳುಹಿಸಲಾಗುವುದು ಎಂದಿತ್ತು. ಕೊನೆಯಲ್ಲಿ, ಊರಿನ ಪದ್ಧತಿಯಂತೆ, ಯಾರ ಮುಖ ಅವರವರ ಮನೆಯ ಕಡೆಗಿದೆಯೋ ಅವರಿಗೆ ಇದು ಅನ್ವಯಿಸುವುದಿಲ್ಲ ಎಂದಿತ್ತು.

ಅತ್ತಿಗೆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದರು. ಮತ್ತೊಮ್ಮೆ ಓದಿಸಿದರು.

“ಮುಖ ಅಂತ ಉಂಟಲ್ಲ. ಕಾಲಿನ ವಿಷಯ ಎಂತಾದ್ರೂ ಉಂಟಾ?”

“ಇಲ್ಲ ಅತ್ತಿಗೆ.”

“ಹಾಗಾದ್ರೆ ಚಪ್ಪಲಿ ಹಾಕು.”

ನನಗೆ ಎದೆ ಹೊಡೆದುಕೊಳ್ಳುತ್ತದೆ ಎಂದೆ. ಹೊಡೆದುಕೊಳ್ಳದಿದ್ದರೆ ಹೇಳು, ಆಗ ಹೆದರುವ ಎಂದರು. ನೈಟಿಯ ಮೇಲೆ ಟವೆಲ್ ಹೊದ್ದು ಹೊರಬಿದ್ದೆ. ಗೇಟಿನಾಚೆ ಅತ್ತಿಗೆ ನನ್ನ ಕೈ ಹಿಡಿದು, ಇಬ್ಬರ ಮುಖವನ್ನೂ ಮನೆಯ ಕಡೆ ಮಾಡಿಸಿ, ಒಂದು ಹೆಜ್ಜೆ ಹಿಂದಕ್ಕಿಟ್ಟರು. ನಾನೂ ಇಟ್ಟೆ. ಅತ್ತಿಗೆಯ ಕೈ ಒಣಗಿದ ಪುನರ್ಪುಳಿ ಸಿಪ್ಪೆಯ ಹಾಗೆ ಒರಟಾಗಿತ್ತು. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಮುಟ್ಟಿದ್ದೇ ಇಲ್ಲ ಎಂದು ಆಗ ಹೊಳೆಯಿತು.

ಹಿಂದೆ ಹಿಂದೆ ನಡೆಯುವುದು ಸುಲಭವಲ್ಲ. ಹಿಮ್ಮಡಿ ಎಲ್ಲಿಗೆ ಹೋಗುತ್ತಿದೆ ಎಂದು ಹಿಮ್ಮಡಿಗೇ ಗೊತ್ತಿರುವುದಿಲ್ಲ. ಎರಡು ಸಲ ಚರಂಡಿಯ ಕಲ್ಲಿಗೆ ತಾಗಿದೆವು, ಒಮ್ಮೆ ಕರೆಂಟಿನ ಕಂಬಕ್ಕೆ. ಬೀದಿ ನಾಯಿಗಳು ನಾವು ಹೋಗುತ್ತಿದ್ದೇವೋ ಬರುತ್ತಿದ್ದೇವೋ ಎಂದು ತೀರ್ಮಾನವಾಗದೆ ಬೊಗಳಲು ಬಾಯಿ ತೆರೆದು ಹಾಗೇ ನಿಂತವು. ನಮ್ಮ ಮನೆ ನಿಧಾನವಾಗಿ ಸಣ್ಣದಾಗುತ್ತ ಹೋಯಿತು. ಮಾಡಿನ ಮೇಲೆ ಒಂದು ಹೆಂಚು ಜಾರಿದ್ದು, ಪಪ್ಪಾಯಿ ಮರದ ತುದಿಯಲ್ಲಿ ಎರಡು ಹಣ್ಣಾದದ್ದು, ಅಷ್ಟು ದಿನ ಅದರೊಳಗೇ ಇದ್ದು ಕಾಣದ್ದೆಲ್ಲ ಆಗ ಕಂಡಿತು.

ರಸ್ತೆ ಮುಗಿದು ಗಾಳಿಮರಗಳು ಶುರುವಾಗುವಲ್ಲಿ ಬಿದಿರಿನ ಅಡ್ಡ ಕಟ್ಟಿ ಪೊಲೀಸರೊಬ್ಬರನ್ನು ನಿಲ್ಲಿಸಿದ್ದರು. ಹೂವಪ್ಪ ಎಂದು ಹೆಸರು, ಬಯಲುಸೀಮೆಯವರು, ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ನಮ್ಮ ಬೆನ್ನುಗಳು ಹತ್ತಿರ ಬರುವುದನ್ನು ಅವರು ಬಹಳ ಹೊತ್ತು ನೋಡಿರಬೇಕು.

“ಎಲ್ಲಿಗ್ ಹೊಂಟೀರಿ?” ಎಂದು ಹಿಂದಿನಿಂದ ಕೇಳಿದರು.

“ಮನೆಗೆ,” ಎಂದರು ಅತ್ತಿಗೆ.

“ಮನಿ ಆ ಕಡೆ ಐತಿ. ನೀವ್ ಈ ಕಡೆ ಬರಾಕತ್ತೀರಲ್ರೀ ಅಮ್ಮಾರ.”

“ನನ್ನ ಮುಖ ಎಲ್ಲಿಗುಂಟು ನೋಡಿ ಪೊಲೀಸ್ರೆ. ಕಾಲು ಸ್ವಲ್ಪ ಹಿಂದೆ ಬೀಳ್ತಾ ಉಂಟು ಅಷ್ಟೆ. ವಯಸ್ಸಾಯ್ತಲ್ಲ.”

ಹೂವಪ್ಪನವರು ಕಿಸೆಯಿಂದ ಆರ್ಡರಿನ ಕಾಗದ ತೆಗೆದರು. ಪ್ರಾಮಾಣಿಕ ಮನುಷ್ಯ, ತುಟಿ ಅಲ್ಲಾಡಿಸುತ್ತ ಮೊದಲಿನಿಂದ ಕೊನೆಯವರೆಗೆ ಓದಿದರು. ಅಡ್ಡ ಬಿದಿರನ್ನು ಎತ್ತಿ ನಮ್ಮನ್ನು ಬಿಟ್ಟರು. ಆದರೆ ಮುಖ ಒಂದು ಚೂರು ಕಡಲಿನ ಕಡೆ ತಿರುಗಿದರೂ ತಾನು ಸುಮ್ಮನಿರುವವನಲ್ಲ ಎಂದು ಹೇಳಿದರು. ಅವರು ಹೇಳಿದ್ದು ನನಗೆ ಒಳ್ಳೆಯದೇ ಆಯಿತು. ಕಡಲಿನ ಮುಖ ನೋಡುವ ಧೈರ್ಯ ನನಗೆ ಇರಲೇ ಇಲ್ಲ. ಬೆನ್ನು ಕೊಟ್ಟು ನಿಲ್ಲುವುದಾದರೆ ಹೇಗೋ ಆದೀತು ಅನಿಸಿತು.

ನೋಡದೆ ಹೋದರೆ ಕಡಲು ಬೇರೆಯೇ ವಸ್ತು. ಮೊದಲು ಕಾಲಿನ ಕೆಳಗೆ ಸಡಿಲ ಮರಳು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ನುಂಗುವಂಥದ್ದು. ಆಮೇಲೆ ಒದ್ದೆ ಮರಳು, ಸಿಮೆಂಟಿನ ಹಾಗೆ ಗಟ್ಟಿ. ಗಾಳಿ ಕಿವಿಯ ಹಿಂದಿನಿಂದ ಬಂದು ಬೆವರಿದ ಕುತ್ತಿಗೆಯನ್ನು ಒರೆಸಿತು. ಸದ್ದು ಹತ್ತಿರವಾಯಿತು, ಒಂದೊಂದು ಸದ್ದಿಗೂ ಒಂದೊಂದು ಉದ್ದ ಇರುವುದು ತಿಳಿಯತೊಡಗಿತು. ಹಿಮ್ಮಡಿಗೆ ತಣ್ಣಗೆ ಏನೋ ತಾಗಿ ಹಿಂದೆ ಸರಿಯಿತು. ಓ, ಬಂತು ಎನ್ನುವಷ್ಟರಲ್ಲಿ ಒಂದು ದೊಡ್ಡ ತೆರೆ ಮಂಡಿಯ ಹಿಂಬದಿಗೆ ಹೊಡೆಯಿತು. ನಾನು ಕುಳಿತುಬಿಟ್ಟೆ. ಕುತ್ತಿಗೆಯವರೆಗೆ ಉಪ್ಪು ನೀರು, ಟವೆಲ್ ಎಲ್ಲೋ ತೇಲಿ ಹೋಯಿತು, ಮುಖ ಮಾತ್ರ ಮನೆಯ ಕಡೆಗೇ. ನನ್ನಿಂದ ಒಂದು ವಿಚಿತ್ರ ಶಬ್ದ ಬಂತು. ಅದು ನಗು ಎಂದು ಗುರುತು ಹಿಡಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಅತ್ತಿಗೆ ಕನ್ನಡಕದ ಮೇಲಿನ ನೀರು ಒರೆಸಿಕೊಂಡು, “ನಿನಗೆ ನಗ್ಲಿಕ್ಕೆ ಬರ್ತದೆ ಅಂತ ನನಗೆ ಗೊತ್ತಿರ್ಲಿಲ್ಲ,” ಎಂದರು.

ಆ ಮಧ್ಯಾಹ್ನ ಮೂರು ಸೌಟು ಗಂಜಿ ಉಂಡೆ. ನಾಡಿ ಎಣಿಸಲು ಬೆರಳಿಟ್ಟವಳು ಇಪ್ಪತ್ತಕ್ಕೆ ಬರುವಷ್ಟರಲ್ಲಿ ನಿದ್ದೆ ಹೋದೆ.

ಮರುದಿನವೂ ಹೋದೆವು. ಅದರ ಮರುದಿನ ಎದುರುಮನೆಯವರು ಕಿಟಕಿಯಿಂದ ಏನು ವಿಷಯ ಎಂದು ಕೇಳಿದರು. ಅತ್ತಿಗೆ ಗುಟ್ಟು ಇಟ್ಟುಕೊಳ್ಳುವವರಲ್ಲ. ಒಂದು ವಾರದಲ್ಲಿ ಊರಿನ ಅರ್ಧ ಜನ ಬೆಳಿಗ್ಗೆ ಆರು ಗಂಟೆಗೆ ಬೆನ್ನು ಮುಂದಾಗಿ ಕಡಲಿಗೆ ಹೊರಡತೊಡಗಿದರು. ಆರಾರು ಅಡಿ ಬಿಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಬ್ಬರಿಗೊಬ್ಬರು ಡಿಕ್ಕಿಯಾಗದ ಹಾಗೆ “ಬಂದೆ, ಬಂದೆ” ಎಂದು ಕೂಗುತ್ತ. ಕೆಲವರು ಸ್ಕೂಟರಿನ ಕನ್ನಡಿ ಬಿಚ್ಚಿ ಕೈಯಲ್ಲಿ ಹಿಡಿದು ತಂದರು. ಕನ್ನಡಿಯಲ್ಲಿ ಕಡಲು ನೋಡಿದರೆ ಅದು ಕಡಲು ನೋಡಿದ ಹಾಗಾಯಿತೋ ಎಂಬ ಪ್ರಶ್ನೆ ಬಂತು. ಹೂವಪ್ಪನವರು ಒಂದು ದಿನ ಸಮಯ ಕೇಳಿದರು. ಮರುದಿನ ಬಂದು, ಕಣ್ಣು ಎಲ್ಲಿಗಾದರೂ ಹೋಗಲಿ, ಆರ್ಡರಿನಲ್ಲಿ ಇರುವುದು ಮುಖ ಮಾತ್ರ ಎಂದು ತೀರ್ಪು ಕೊಟ್ಟರು. ನಾನು ಕನ್ನಡಿ ತೆಗೆದುಕೊಂಡು ಹೋಗಲಿಲ್ಲ.

ದಿನ ಕಳೆದ ಹಾಗೆ ಮೈಯಲ್ಲಿ ಏನೇನೋ ಆಯಿತು. ಮೀನಖಂಡಗಳು ಮೊದಲ ವಾರ ಬೆಂಕಿಯಾಗಿ ಉರಿದವು, ಎರಡನೆಯ ವಾರ ಗಟ್ಟಿಯಾದವು. ಮೆಟ್ಟಿಲು ಹತ್ತುವಾಗ ಮಂಡಿಯಲ್ಲಿ ಬರುತ್ತಿದ್ದ ಕಟಕಟ ಶಬ್ದ ಯಾವ ದಿನ ನಿಂತಿತೋ ಗೊತ್ತಾಗಲಿಲ್ಲ. ಬಿಪಿ ಇಳಿಯಿತು. ಥರ್ಮಾಮೀಟರ್ ಎಲ್ಲಿಟ್ಟೆ ಎಂದು ಮರೆತೆ. ಮೋಡವಿಲ್ಲದ ದಿನ ನೀರು ಉಗುರುಬೆಚ್ಚಗೆ, ಗಾಳಿ ಬಿಟ್ಟ ದಿನ ಚುರುಕು. ಕಡಲಿನ ಸಿಟ್ಟು ಸಮಾಧಾನವೆಲ್ಲ ನನ್ನ ಬೆನ್ನಿಗೆ ಮೊದಲು ತಿಳಿಯುತ್ತಿತ್ತು. ಇವರು ಅದರ ಮೇಲೇ ಎಲ್ಲೋ ಇದ್ದಾರೆ ಎಂಬುದನ್ನು ಮರೆತೆ ಎಂದಲ್ಲ. ಇವರಿಗೆ ತಾಗಿದ ನೀರು ನನಗೂ ತಾಗುತ್ತದೆ ಎಂದು ಮೊದಲ ಬಾರಿ ಅನಿಸಿತು, ಅಷ್ಟೆ. ಒಂದು ಫೋನಿನಲ್ಲಿ ಇವರು ಕುಂಬಳಕಾಯಿ ಎಂದಾಗ ಅಳದೆ, ಸಿಪ್ಪೆ ಬಿಸಾಡಬೇಡಿ, ಚಟ್ನಿ ಮಾಡಿ ಎಂದೆ.

ಅತ್ತಿಗೆಗೆ ಆದದ್ದು ಇನ್ನೂ ಹೆಚ್ಚು. ಹೊಳೆದಂಡೆಗೆ ಮದುವೆಯಾಗಿ ಹೋದವರು, ಈಜು ಬಲ್ಲವರು. ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಕಟ್ಟಿ ನೀರಿನ ಮೇಲೆ ಅಂಗಾತ ಮಲಗಿ ತೇಲತೊಡಗಿದರು. ಹೂವಪ್ಪನವರು ದಂಡೆಗೆ ಓಡಿಬಂದು ಮುಖ ಆಕಾಶಕ್ಕೆ ಹೋಯಿತು ಎಂದು ಆಕ್ಷೇಪಿಸಿದರು. ಅತ್ತಿಗೆ ಏಳಲೂ ಇಲ್ಲ.

“ಎಪ್ಪತ್ತಾಯ್ತು ನನಗೆ. ಇನ್ನು ನನ್ನ ಮನೆ ಯಾವ ಕಡೆ ಅಂತ ನೀವೇ ಹೇಳಿ ಪೊಲೀಸ್ರೆ.”

ಹೂವಪ್ಪನವರು ಟೋಪಿ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತರು. ಎಪ್ಪತ್ತು ದಾಟಿದವರು ಮಲಗಿ ತೇಲಬಹುದು ಎಂದಾಯಿತು. ಅತ್ತಿಗೆಗೆ ಆಗ ಅರವತ್ತೇಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ನಲವತ್ತು ಜನಕ್ಕೆ ಎಪ್ಪತ್ತಾಗಿತ್ತು. ಎಕ್ಸ್‌ಚೇಂಜಿನಲ್ಲಿ ನನಗಿಂತ ಹತ್ತು ವರ್ಷ ಕಿರಿಯಳಾಗಿದ್ದವಳೂ ಅಂಗಾತ ತೇಲುತ್ತಿದ್ದಳು.

ಹೂವಪ್ಪನವರಿಗೆ ಇದೆಲ್ಲ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಸುಮ್ಮನಿದ್ದರು ಎಂದು ನಮಗೂ ಗೊತ್ತಿತ್ತು. ಅವರು ಈ ಕೆಲಸಕ್ಕೆ ಬರುವ ಮೊದಲು ಕಡಲು ನೋಡಿದವರಲ್ಲ, ಬಂದ ಮೇಲೂ ಬೂಟು ಒದ್ದೆ ಮಾಡಿಕೊಂಡವರಲ್ಲ. ಅವರ ಊರಿನಲ್ಲಿ ಹೆಂಡತಿಗೆ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತ್ತು, ಫೋನಿನಲ್ಲಿ ನೋಡಿದ್ದಷ್ಟೆ. ಒಮ್ಮೆ ಅತ್ತಿಗೆ ಅವರ ಊರು ಯಾವ ದಿಕ್ಕಿಗೆ ಎಂದು ಕೇಳಿದಾಗ ಯೋಚಿಸದೆ ಮೂಡಣಕ್ಕೆ ಕೈ ತೋರಿಸಿದರು. ಅಡ್ಡದ ಬಳಿ ಅವರು ದಿನವಿಡೀ ನಿಲ್ಲುವುದೂ ಮೂಡಣಕ್ಕೇ ಮುಖ ಮಾಡಿ. ನೀವೂ ಮನೆಮುಖವೇ ಅಲ್ಲವಾ, ನಿಮ್ಮನ್ನು ತಡೆಯುವವರು ಯಾರು ಎಂದು ಅತ್ತಿಗೆ ಕೇಳಿದರು. “ಹೊಟ್ಟಿ ತಡೀತೈತ್ರಿ ಅಮ್ಮಾರ,” ಎಂದರು. ಅಂದಿನಿಂದ ಅತ್ತಿಗೆ ಅವರಿಗೆ ಬಿದಿರಿನ ಗೂಟದ ಮೇಲೆ ಒಂದು ಡಬ್ಬಿ ತಿಂಡಿ ಇಟ್ಟು ಬರತೊಡಗಿದರು. ಪ್ರತಿಯಾಗಿ ಅವರು ಪೊಲೀಸ್ ಟ್ರೈನಿಂಗಿನಲ್ಲಿ ಕಲಿತ ವ್ಯಾಯಾಮವನ್ನು ನಮಗೆಲ್ಲ ಹೇಳಿಕೊಟ್ಟರು. ನಾವು ಮಂಡಿಯುದ್ದ ನೀರಿನಲ್ಲಿ ಸಾಲಾಗಿ ನಿಲ್ಲುವುದು, ಅವರು ದಂಡೆಯಲ್ಲಿ ನಮಗೆ ಎದುರಾಗಿ ನಿಂತು ಒಂದ್, ಎರಡ್, ಮೂರ್ ಎನ್ನುವುದು.

ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಹಾಗೇ ಕೈ ಮೇಲೆ ಕೆಳಗೆ ಮಾಡುತ್ತಿದ್ದೆವು. ಹಿಂದಿನಿಂದ ದೋಣಿಯ ಎಂಜಿನ್ನಿನ ಸದ್ದು ಕೇಳಿತು. ಹೂವಪ್ಪನವರ ಎಣಿಕೆ ಎರಡಕ್ಕೆ ನಿಂತಿತು. ಅವರ ಕಣ್ಣು ನನ್ನ ಭುಜದ ಮೇಲಿಂದ ದೂರಕ್ಕೆ ಹೋಯಿತು. ನಾನು ದೋಣಿಯನ್ನು ಅವರ ಮುಖದಲ್ಲಿ ನೋಡಿದೆ; ಅದು ಹತ್ತಿರ ಬಂದದ್ದು, ನಿಂತದ್ದು, ಯಾರೋ ನೀರಿಗೆ ಇಳಿದದ್ದು, ದೋಣಿ ತಿರುಗಿ ಹೋದದ್ದು.

“ವಾರಿಜಾ,” ಎಂದರು ಇವರು, ಹಿಂದಿನಿಂದ.

ಹತ್ತು ತಿಂಗಳ ಮೇಲೆ ಹದಿನೆಂಟು ದಿನ ಆಗಿತ್ತು. ಜ್ವರವಿಲ್ಲದವರನ್ನು ಅವರವರ ಊರಿನ ದಂಡೆಗೆ ಬಿಡಲು ಹಡಗಿನವರಿಗೆ ಕೊನೆಗೂ ಒಪ್ಪಿಗೆ ಸಿಕ್ಕಿತ್ತಂತೆ. ಆದರೆ ಹೊರಗಿನಿಂದ ಬಂದವರು ಹದಿನಾಲ್ಕು ದಿನ ದಂಡೆಯಲ್ಲಿ ಬಲೆ ಇಡುವ ಶೆಡ್ಡಿನಲ್ಲಿ ಇದ್ದು ಆಮೇಲೆ ಊರೊಳಗೆ ಬರಬೇಕು ಎಂದು ಇನ್ನೊಂದು ಆರ್ಡರಿತ್ತು. ಹೂವಪ್ಪನವರು ಅದನ್ನು ಗಟ್ಟಿಯಾಗಿ ಹೇಳಿದರು.

“ನಾನು ಮನೆಮುಖ,” ಎಂದರು ಇವರು.

ಈ ಊರಿನಲ್ಲೇ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಡಲಿನಿಂದ ಬರುವವನಿಗೆ ಮನೆ ನೆಟ್ಟ ಎದುರಿಗಿರುತ್ತದೆ. ಹೂವಪ್ಪನವರು ಎತ್ತಿದ ಕೈ ಇಳಿಸಿದರು. ಇವರ ಕಾಲು ನೀರನ್ನು ಸೀಳುವ ಸದ್ದು ಹತ್ತಿರ ಹತ್ತಿರ ಬಂತು. ಹಡಗಿನಲ್ಲಿ ಜ್ವರ ಬಂದಿದ್ದ ಇಬ್ಬರಲ್ಲಿ ಒಬ್ಬರು ತೀರಿಹೋಗಿದ್ದರು. ಇವರು ಹೇಳಿರಲಿಲ್ಲ, ಹಡಗಿನ ಆಫೀಸಿನವರಿಂದ ನನಗೆ ತಿಳಿದಿತ್ತು. ನನ್ನ ಪಕ್ಕದಲ್ಲಿ ಅತ್ತಿಗೆ, ಶುಗರ್ ಇದ್ದವರು. ತಮ್ಮನನ್ನು ಸೊಂಟದಲ್ಲಿ ಹೊತ್ತು ಸಾಕಿದವರು, ಅವರ ಬಾಯಿಂದ ನಿಲ್ಲು ಎಂಬ ಮಾತು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ನನ್ನ ಕೈ ಹಿಡಿದುಕೊಂಡರು.

ನಾನು ಆ ಕೈ ಬಿಡಿಸಿಕೊಂಡು ತಿರುಗಿದೆ.

ಮೊದಲು ಕಂಡದ್ದು ಕಡಲು. ಅಷ್ಟು ದೊಡ್ಡದಿದೆ ಎಂದು ನನ್ನ ಬೆನ್ನು ನನಗೆ ಹೇಳಿಯೇ ಇರಲಿಲ್ಲ. ಅದರ ನಡುವೆ ಸೊಂಟದವರೆಗೆ ಒದ್ದೆಯಾಗಿ, ತಲೆಯ ಮೇಲೆ ಟ್ರಂಕು ಹೊತ್ತುಕೊಂಡು, ಬಿಳಿ ಗಡ್ಡ ಬಿಟ್ಟ ನನ್ನ ಗಂಡ. ನನ್ನ ಮುಖ ನೋಡಿ ಅವರ ಕಾಲು ತಾನಾಗಿ ನಿಂತಿತು.

“ನಾನು ತಡೀಲಿಕ್ಕೆ ಬಂದದ್ದಲ್ಲ,” ಎಂದೆ. “ತಡೀಲಿಕ್ಕೆ ಇಲ್ಲ ಅಂತ ನನಗೂ ಗೊತ್ತುಂಟು. ನೀವಾಗಿ ನಿಲ್ಬೇಕು. ಅಕ್ಕ ಮನೆಯಲ್ಲೇ ಇದ್ದಾರೆ.”

ಇವರು ಅಕ್ಕನ ಬೆನ್ನು ನೋಡಿದರು. ಅತ್ತಿಗೆ ಅಲ್ಲಾಡದೆ ಮನೆಯ ಕಡೆಗೇ ಮುಖ ಮಾಡಿ ನಿಂತಿದ್ದರು, ಭುಜ ಮಾತ್ರ ಏರಿಳಿಯುತ್ತಿತ್ತು.

“ಎಷ್ಟು ದಿನ ಅಂದ್ರು?”

“ಹದಿನಾಲ್ಕು.”

ಇವರು ನನ್ನನ್ನೇ ನೋಡಿದರು. “ನಿನ್ನ ಮುಖ ಎಂತ ಹೀಗಾಗಿದೆ?”

“ಹೇಗಾಗಿದೆ?”

“ಕಪ್ಪಾಗಿದೆ,” ಎಂದರು. ಒಂದು ತೆರೆ ಬಂದು ಹೋದ ಮೇಲೆ, “ಒಳ್ಳೇದಾಗಿದೆ,” ಎಂದರು. ಆಮೇಲೆ ಟ್ರಂಕು ಸರಿಮಾಡಿಕೊಂಡು ಮನೆಗೆ ಬೆನ್ನು ಹಾಕಿ, ಶೆಡ್ಡಿನ ಕಡೆಗೆ ನಡೆದರು. ಹೂವಪ್ಪನವರು ದೂರದಿಂದ ದಾರಿ ತೋರಿಸಿದರು.

ವಾಪಸು ಬಂದ ಹೂವಪ್ಪನವರು ನನ್ನ ಎದುರು ತಲೆ ತಗ್ಗಿಸಿ ನಿಂತು, ನೀವು ಮುಖ ತಿರುಗಿಸಿದಿರಿ ಎಂದರು. ಹೌದು ಎಂದೆ. ಇಷ್ಟೊಂದು ಜನರ ಎದುರು ಬಿಟ್ಟರೆ ನಾಳೆ ಯಾರ ಮುಖವೂ ನಿಲ್ಲುವುದಿಲ್ಲ, ನೀವು ಮನೆಯಲ್ಲೇ ಇರಬೇಕಾಗುತ್ತದೆ ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ, “ಅವರಿಗೆ ಎಷ್ಟೋ ನಿಮಗೂ ಅಷ್ಟ ಇರಲ್ರೀ ಅಕ್ಕಾರ,” ಎಂದರು. ಶಿಕ್ಷೆಯನ್ನು ಅಷ್ಟು ಮರ್ಯಾದೆಯಿಂದ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ಹೀಗೆ ಗಂಡ ಶೆಡ್ಡಿನಲ್ಲಿ, ಹೆಂಡತಿ ಮನೆಯಲ್ಲಿ, ನಡುವೆ ಅತ್ತಿಗೆ. ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಹಿಂದೆ ಹಿಂದೆ ನಡೆದು ಹೋಗಿ ಶೆಡ್ಡಿನಿಂದ ಹತ್ತು ಮಾರು ದೂರದಲ್ಲಿ ಇಟ್ಟು, ಬೆನ್ನು ಕೊಟ್ಟೇ ತಮ್ಮನ ಹತ್ತಿರ ಮಾತಾಡಿ, ಮನೆಗೆ ಬಂದು ಸುದ್ದಿ ಹೇಳುತ್ತಿದ್ದರು. ಇವರು ನನ್ನ ಸಾರನ್ನು ಹೊಗಳಿದರು, ಹಡಗಿನಲ್ಲಿ ನನ್ನ ಫೋಟೋವನ್ನು ಅಕ್ಕಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡಿದ್ದರು, ಇತ್ಯಾದಿ. ನಾನು ಬಾವಿಯ ಸುತ್ತ ಇನ್ನೂರು ಸುತ್ತು ಹಾಕುತ್ತ, ಹೂವಪ್ಪನವರ ವ್ಯಾಯಾಮವನ್ನು ಅಂಗಳದಲ್ಲಿ ಒಬ್ಬಳೇ ಮಾಡುತ್ತ, ಮರುದಿನದ ಸುದ್ದಿಗೆ ಕಾಯುತ್ತಿದ್ದೆ. ಹದಿನೈದನೆಯ ದಿನ ಇವರು ಗಡ್ಡ ಬೋಳಿಸಿಕೊಂಡು ಗೇಟು ತೆರೆದು ಬಂದರು. ನೆಟ್ಟಗೆ ಅಡುಗೆಮನೆಗೆ ಹೋಗಿ, ಹೊಗೆ ತುಂಬಿದೆಯಲ್ಲ ಎನ್ನುತ್ತ ಪಡುವಣ ಕಿಟಕಿ ತೆರೆದರು. ನಾನು ಅದನ್ನು ಮತ್ತೆ ಮುಚ್ಚಲಿಲ್ಲ. ಅತ್ತಿಗೆ ತಂದುಕೊಟ್ಟ ಸುದ್ದಿಗಳನ್ನು ಆ ಸಂಜೆ ನಾವಿಬ್ಬರೂ ತಾಳೆ ನೋಡಿದೆವು. ನಾನು ಮೂರು ಹೊತ್ತೂ ಅಳುತ್ತೇನೆ ಎಂದು ಇವರಿಗೆ ಹೇಳಿದ್ದರಂತೆ. ಸಾರಿನ ಬಗ್ಗೆ ಇವರು ಏನೂ ಹೇಳಿರಲಿಲ್ಲ. ನೂರಕ್ಕೆ ತೊಂಬತ್ತು ಅತ್ತಿಗೆಯ ಸ್ವಂತ ಕೃತಿಗಳು. ಫೋಟೋದ ವಿಷಯ ಕೇಳಿದಾಗ ಇವರು ಟ್ರಂಕಿನಲ್ಲಿ ಏನೋ ಹುಡುಕುವ ಕೆಲಸಕ್ಕೆ ಬಿದ್ದರು. ಅತ್ತಿಗೆ ಜಗಲಿಯಿಂದಲೇ, ಸಾರಿಗೆ ಉಪ್ಪು ಹೆಚ್ಚು ಎಂದರು.

ಮಳೆ ಶುರುವಾದ ಮೇಲೆ ನೀರಿಗಿಳಿಯುವುದು ನಿಂತಿತು, ಕೊಡೆ ಹಿಡಿದು ದಂಡೆಯವರೆಗೆ ಹಿಂದೆ ನಡೆದು ಬರುವುದು ನಿಲ್ಲಲಿಲ್ಲ. ಆಮೇಲೆ ಒಂದೊಂದಾಗಿ ಆರ್ಡರುಗಳು ಸಡಿಲವಾದವು. ಬಸ್ಸು ಬಂತು. ಎಂಟು ದಿನಕ್ಕೆಂದು ಬಂದು ನಾಲ್ಕೂವರೆ ತಿಂಗಳಿದ್ದ ಅತ್ತಿಗೆ ಹೊಳೆಯಾಚೆಗೆ ಹೋದರು. ಇನ್ನೆರಡು ದಿನ ಇರಿ ಎಂದು ನಾನು ಹೇಳುತ್ತೇನೆಂದು ಗೊತ್ತಿದ್ದೇ ಬೆಳಿಗ್ಗೆ ಎದ್ದವರೇ ತಮ್ಮ ಊರಿನ ಕಡೆ ಮುಖ ಮಾಡಿ ಕಾಫಿ ಕುಡಿಯುತ್ತಿದ್ದರು. ಹೂವಪ್ಪನವರಿಗೆ ರಜೆ ಸಿಕ್ಕಿತು. ಹೊರಡುವ ಬೆಳಿಗ್ಗೆ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಮೂಡಣಕ್ಕೆ ಮುಖ ಮಾಡಿ ಹಿಂದೆ ಹಿಂದೆ ನೀರಿಗೆ ಇಳಿದರಂತೆ. ತೆರೆ ಬಡಿದು ಬಿದ್ದರಂತೆ. ಮಗಳಿಗೆ ತೋರಿಸಲು ಒಂದು ಬಾಟಲಿ ಕಡಲು ತುಂಬಿಸಿಕೊಂಡು ಹೋದರಂತೆ. ಅಡ್ಡದ ಬಿದಿರು ತೆಗೆದ ಮರುದಿನದಿಂದ ಜನ ನೆಟ್ಟಗೆ ನಡೆದು ಕಡಲಿಗೆ ಹೋಗತೊಡಗಿದರು. ಮೊದಲಿನಷ್ಟು ಜನ ಹೋಗುವುದಿಲ್ಲ. ಹೋಗುವವರಲ್ಲಿ ನಾನೂ ಇದ್ದೇನೆ.

ಅಕ್ಟೋಬರಿನಲ್ಲಿ ಇವರಿಗೆ ಹಡಗಿನಿಂದ ಕರೆ ಬಂತು. ಬೆಳಿಗ್ಗೆ ಏಳು ಗಂಟೆಗೆ ದೋಣಿ ದಂಡೆಗೇ ಬರುತ್ತದೆ ಎಂದರು. ಪ್ರತಿ ವರ್ಷ ನಾನು ಗೇಟಿನ ಹತ್ತಿರ ನಿಂತು ಕಳುಹಿಸುವವಳು. ಆ ದಿನ ಚಪ್ಪಲಿ ಹಾಕಿಕೊಂಡು ನಾನೂ ಹೊರಟೆ. ರಸ್ತೆಗೆ ಇಳಿದ ಇವರು ಟ್ರಂಕು ತಲೆಗೇರಿಸಿ, ಒಂದು ಕ್ಷಣ ನಿಂತು, ಮನೆಯ ಕಡೆ ತಿರುಗಿದರು. ಹೋಗುವುದಿಲ್ಲವೇನೋ ಅಂದುಕೊಂಡೆ. ಇವರು ಒಂದು ಹೆಜ್ಜೆ ಹಿಂದಕ್ಕಿಟ್ಟರು.

ನಾನು ಕಡಲಿನ ಕಡೆ ನೆಟ್ಟಗೆ ನಡೆಯುವವಳು, ಇವರು ಹಿಂದೆ ಹಿಂದೆ ನಡೆಯುವವರು. ಎರಡು ಫರ್ಲಾಂಗು ದಾರಿ ಹೀಗೆ ಎದುರುಬದುರಾಗಿ, ಮುಖ ನೋಡಿಕೊಂಡು ಹೋದೆವು. ಎಡಕ್ಕೆ ಕಂಬ ಉಂಟು ಎಂದರೆ ಬಲಕ್ಕೆ ಸರಿದರು, ಕಲ್ಲು ಉಂಟು ಎಂದರೆ ಕಾಲೆತ್ತಿದರು. ಮಾತು ಆಡಿದೆವು, ಗ್ಯಾಸಿನವನಿಗೆ ಫೋನು ಮಾಡುವುದು, ಜಾರಿದ ಹೆಂಚು, ಅಕ್ಕನ ಶುಗರ್. ಗಾಳಿಮರಗಳು ಬಂದವು, ಸಡಿಲ ಮರಳು ಬಂತು, ಒದ್ದೆ ಮರಳು ಬಂತು. ಇವರ ಭುಜದಾಚೆ ದೋಣಿ ಕಾಣುತ್ತಿತ್ತು, ದೋಣಿಯವನು ಕೈಬೀಸುತ್ತಿದ್ದ.

“ಇನ್ನೆಷ್ಟು ದೂರ ಉಂಟು?” ಎಂದು ಕೇಳಿದರು.

“ಇನ್ನೂ ತುಂಬ ಉಂಟು,” ಎಂದೆ. ಇವರ ಹಿಮ್ಮಡಿಗೆ ಆಗಲೇ ನೀರು ತಾಗಿತ್ತು. ಹೌದಾ ಎಂದರು, ನನ್ನ ಮುಖ ನೋಡುತ್ತಲೇ, ಮತ್ತೊಂದು ಸಣ್ಣ ಹೆಜ್ಜೆ ಇಟ್ಟರು.